ಹಿಟ್ಟಿನ ಕೋಳಿ ಮತ್ತು ಮಂಗಳವಾರದ ಕುಸ್ತಿ

ಜೈನ ಪುರಾಣಗಳಲ್ಲಿ ಮಲ್ಲಯುದ್ಧಕ್ಕೆ ದೊರೆತಿರುವ ಸ್ಥಾನವು ಅಲ್ಪವಾದುದಲ್ಲ. ಎರಡು ಸೈನ್ಯಗಳು ಎದುರುಬದುರಾಗಿ ನಿಂತಿದ್ದಾಗ, ಅಣ್ಣತಮ್ಮಂದಿರ ವ್ಯಾಜ್ಯಕ್ಕಾಗಿ ಸಾವಿರಾರು ಜನರ ನೆತ್ತರು ಹರಿಯಬಾರದೆಂದು ಮಂತ್ರಿಗಳು ಆಲೋಚಿಸಿ, ಭರತ ಬಾಹುಬಲಿಗಳಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಗೊತ್ತುಪಡಿಸಿದರು. ಅಂದರೆ ಕುಸ್ತಿಯು ಅಲ್ಲಿ ಬಂದದ್ದು ಹಿಂಸೆಯನ್ನು ಕುಗ್ಗಿಸುವ ಉಪಾಯವಾಗಿಯೇ ಹೊರತು ಹಿಂಸೆಯ ವಿನೋದವಾಗಿ ಅಲ್ಲ. ಮೂರನೆಯ ಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಎರಡೂ ಕೈಗಳಿಂದ ಮೇಲಕ್ಕೆತ್ತಿದನು, ನೆಲಕ್ಕೆ ಅಪ್ಪಳಿಸಲಿಲ್ಲ. ಆ ಗೆಲುವಿನ ಫಲವೇನೆಂಬುದನ್ನು ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಂಡೆಯ ಮೇಲೆ, ಮೈಗೆ ಬಳ್ಳಿ ಹಬ್ಬಿಸಿಕೊಂಡು ನಿಂತ ಮೂರ್ತಿಯಲ್ಲಿ ಈ ಸೀಮೆಯ ಶ್ರಾವಕರು ತಲೆಮಾರುಗಳಿಂದ ಕಾಣುತ್ತ ಬಂದಿದ್ದಾರೆ.

ಇಷ್ಟನ್ನು ಪೀಠಿಕೆಯಾಗಿ ಹೇಳಲು ಕಾರಣವುಂಟು. ಪಿರಿಯಾಪಟ್ಟಣದ ಒಬ್ಬ ಕಿರಾಣಿ ವ್ಯಾಪಾರಿ, ನಲವತ್ತರ ಆಸುಪಾಸಿನವನು, ನಿತ್ಯ ಜಿನದರ್ಶನ ತಪ್ಪಿಸದ ಕುಟುಂಬದವನು, ಪ್ರತಿ ಮಂಗಳವಾರ ಮಾತ್ರ ಬಸದಿಗೆ ತಡವಾಗಿ ಬರುತ್ತಾನೆ. ಅಮೆರಿಕದಲ್ಲಿ ಸೋಮವಾರ ರಾತ್ರಿ ನಡೆಯುವ ‘ರಾ’ ಎಂಬ ಕುಸ್ತಿಯ ಕಾರ್ಯಕ್ರಮವು ಕಾಲಮಾನದ ವ್ಯತ್ಯಾಸದಿಂದ ಇಲ್ಲಿ ಮಂಗಳವಾರದ ಬೆಳಗಿನ ಜಾವಕ್ಕೆ ಬೀಳುತ್ತದೆ. ಸಾಮಾಯಿಕಕ್ಕೆ ಹಿರಿಯರು ಕೂರುವ ಹೊತ್ತೂ ಅದೇ. ಈ ಅಭಿಮಾನಿಯ ಅಭಿಪ್ರಾಯಗಳು ತಿಳಿಗೇಡಿಯ ಮಾತುಗಳಲ್ಲ. ಆತನು ಮೂವತ್ತು ವರ್ಷ ನೋಡಿ, ತೂಗಿ, ತನ್ನದೇ ಒಂದು ವಿಮರ್ಶೆಯನ್ನು ಕಟ್ಟಿಕೊಂಡಿದ್ದಾನೆ. ಅವನ್ನು ‘ಮಕ್ಕಳಾಟ’ ಎಂದು ತಳ್ಳಿಹಾಕುವ ಹಿರಿಯರು ಅವುಗಳಿಗೆ ಉತ್ತರ ಕೊಡುವ ಶ್ರಮವನ್ನು ಮಾತ್ರ ತೆಗೆದುಕೊಂಡಿಲ್ಲ.

ಈ ಕಾರ್ಯಕ್ರಮದ ಪೂರ್ವೋತ್ತರವನ್ನು ಅರಿಯದ ವಾಚಕರಿಗಾಗಿ ಕೆಲವು ಮಾತು. ‘ರಾ’ ಆರಂಭವಾದದ್ದು 1993ರ ಜನವರಿಯಲ್ಲಿ. ಅದನ್ನು ನಡೆಸುವ ಕಂಪನಿಯ ಹೆಸರು ಮೊದಲು ಡಬ್ಲ್ಯುಡಬ್ಲ್ಯುಎಫ್ ಎಂದಿತ್ತು. 2002ರಲ್ಲಿ ಡಬ್ಲ್ಯುಡಬ್ಲ್ಯುಇ ಎಂದಾಯಿತು. ವನ್ಯಪ್ರಾಣಿಗಳ ರಕ್ಷಣೆಗೆಂದು ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆಯೊಂದು ಅದೇ ಮೂರು ಅಕ್ಷರಗಳಿಗಾಗಿ ನ್ಯಾಯಾಲಯಕ್ಕೆ ಹೋಗಿ ಗೆದ್ದುದೇ ಇದಕ್ಕೆ ಕಾರಣ. ಪ್ರಾಣಿದಯೆಯ ಪಕ್ಷವು ಜಗಜಟ್ಟಿಗಳನ್ನು ಚಿತ್ ಮಾಡಿದ ಈ ಒಂದು ಪಂದ್ಯವನ್ನು ಜೈನ ವಾಚಕರು ನಿಸ್ಸಂಕೋಚವಾಗಿ ಮೆಚ್ಚಬಹುದು. ನಮ್ಮ ಊರುಗಳಿಗೆ ತೊಂಬತ್ತರ ದಶಕದಲ್ಲಿ ಕೇಬಲ್ ತಂತಿ ಬಂದಾಗ ಅದರೊಡನೆ ಈ ಕುಸ್ತಿಯೂ ಬಂದಿತು. ಕುಸ್ತಿಪಟುಗಳ ಎತ್ತರ, ತೂಕಗಳನ್ನು ಅಚ್ಚು ಹಾಕಿದ ಆಟದ ಕಾರ್ಡುಗಳು ಶಾಲೆಯ ಹುಡುಗರ ಜೇಬು ತುಂಬಿದವು. ಮುಂದೆ ಟೆನ್ ಸ್ಪೋರ್ಟ್ಸ್, ಬಳಿಕ ಸೋನಿ ವಾಹಿನಿಗಳಲ್ಲಿ ಪ್ರಸಾರವಾಗುತ್ತಿದ್ದ ಈ ಕಾರ್ಯಕ್ರಮವು 2025ರ ಏಪ್ರಿಲ್‌ನಿಂದ ಭಾರತದಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಬರುತ್ತಿದೆ. ‘ರಾ’ ಮುಂತಾದವುಗಳ ಪ್ರಸಾರಕ್ಕಾಗಿ ಆ ಸಂಸ್ಥೆಯು ಹತ್ತು ವರ್ಷಗಳಿಗೆ ಒಪ್ಪಿಕೊಂಡ ಮೊತ್ತವು 500 ಕೋಟಿ ಡಾಲರುಗಳಿಗೂ ಮೇಲ್ಪಟ್ಟುದು. ಇಷ್ಟು ಬಂಡವಾಳ ಹೂಡಿದವರು ನಷ್ಟಕ್ಕೆ ವ್ಯಾಪಾರ ಮಾಡುವುದಿಲ್ಲವೆಂಬುದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ವಿವರಿಸಬೇಕಾಗಿಲ್ಲ.

ಅಭಿಮಾನಿಯ ವಾದವು ಆರಂಭವಾದದ್ದು ಸೋದರಮಾವನೊಡನೆ. ಆ ಹಿರಿಯರು ಪ್ರತಿವರ್ಷ ದಸರಾ ಕುಸ್ತಿಗೆಂದು ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ಹೋಗುವವರು. ಯಾವ ಗರಡಿಯ ಹುಡುಗನಿಗೆ ಯಾರ ಜೋಡಿ ಕಟ್ಟಿದ್ದಾರೆಂಬುದನ್ನು ಹಬ್ಬಕ್ಕೆ ಮೊದಲೇ ವಿಚಾರಿಸಿಕೊಳ್ಳುವವರು. ಅವರು ಟಿ.ವಿ. ಕುಸ್ತಿಯನ್ನು ಹಿಂಸೆಯೆಂದು ಹಳಿದಾಗ ಅಳಿಯನು, “ಮಾವ, ನಿಮ್ಮ ಕುಸ್ತೀಲಿ ಮೂಳೆ ನಿಜವಾಗ್ಲೂ ಮುರೀತದೆ. ನಮ್ಮದ್ರಲ್ಲಿ ಮುರಿದಂಗೆ ಮಾಡ್ತಾರೆ. ಯಾವುದು ಅಹಿಂಸೆ, ನೀವೇ ಹೇಳಿ” ಎಂದನು. ಮಾವನವರು ಸಿಟ್ಟಾದರು. ಸಿಟ್ಟು ಉತ್ತರವಲ್ಲ.

ಪ್ರಶ್ನೆಯು ನ್ಯಾಯವಾದುದೆಂದು ಮೊದಲು ಒಪ್ಪಬೇಕು. ಗರಡಿಯ ಕೆಮ್ಮಣ್ಣಿನಲ್ಲಿ ಶಿಸ್ತು, ಬ್ರಹ್ಮಚರ್ಯ, ಗುರುಭಕ್ತಿಗಳುಂಟು. ಅದನ್ನು ಯಾರೂ ಅಲ್ಲಗಳೆಯರು. ಆದರೆ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು ಬೋಳಿಸಿದ ತಲೆಯಿಂದ ಮೊದಲ ನೆತ್ತರು ಕಾಣಿಸಿದೊಡನೆ ಮುಗಿಯುತ್ತದೆ. ಒಂದು ಹನಿಗೆ ನಿಲ್ಲಿಸಿದರೆಂಬುದು ಸಂಯಮವೇ ಸರಿ. ಆ ಹನಿಗಾಗಿ ಕಾದು ನಿಂತ ಜನಸ್ತೋಮದ ಭಾವವನ್ನೂ ಲೆಕ್ಕಕ್ಕೆ ಹಿಡಿಯಬೇಡವೇ? ಟಿ.ವಿ. ಕುಸ್ತಿಯಲ್ಲಿಯೂ ನೆತ್ತರುಂಟು. ಬಹುಕಾಲ ಅದರ ವಿಧಾನ ವಿಚಿತ್ರವಾಗಿತ್ತು: ಕುಸ್ತಿಪಟುವು ಬ್ಲೇಡಿನ ಚೂರೊಂದನ್ನು ಬಚ್ಚಿಟ್ಟುಕೊಂಡಿದ್ದು, ತಕ್ಕ ಸಮಯದಲ್ಲಿ ತನ್ನ ಹಣೆಯನ್ನು ತಾನೇ ಗೀರಿಕೊಳ್ಳುತ್ತಿದ್ದನು. 2008ರಲ್ಲಿ ಮಕ್ಕಳೂ ನೋಡಬಹುದಾದ ಶ್ರೇಣಿಗೆ ಕಾರ್ಯಕ್ರಮವನ್ನು ತಂದ ಮೇಲೆ ಈ ಪದ್ಧತಿ ಬಹುಮಟ್ಟಿಗೆ ಹಿಂದೆ ಸರಿಯಿತು. ಹಾಗೆಂದು ಸೋದರಮಾವನ ಪಕ್ಷವು ಗೆದ್ದಿತೆಂದು ಹೇಳಲಾಗದು. ಕುಸ್ತಿಯ ಚರ್ಚೆಯಲ್ಲಿ ‘ನಮ್ಮದು’ ‘ಅವರದು’ ಎಂಬ ಭೇದವನ್ನು ಹಿಡಿದು ಹಿಂಸೆಯನ್ನು ಅಳೆಯುವುದು ಎರಡು ತಕ್ಕಡಿ ಇಟ್ಟುಕೊಂಡು ವ್ಯಾಪಾರ ಮಾಡಿದಂತೆ.

ಅಭಿಮಾನಿಯ ಎರಡನೆಯ ಮಾತು ಇನ್ನೂ ಸೂಕ್ಷ್ಮವಾದುದು. ಮೊದಲೇ ಮಾತಾಡಿಕೊಂಡ ಕುಸ್ತಿಯಲ್ಲಿ ಇಬ್ಬರೂ ಪರಸ್ಪರ ಶತ್ರುಗಳಲ್ಲ. ಎತ್ತಿ ಎಸೆಯುವವನ ನಿಜವಾದ ವಿದ್ಯೆಯು ಎಸೆಯುವುದರಲ್ಲಿಲ್ಲ, ಎಸೆಯಲ್ಪಟ್ಟವನ ಕತ್ತಿಗೆ ಪೆಟ್ಟಾಗದಂತೆ ಕಾಯುವುದರಲ್ಲಿದೆ. ತಲೆಕೆಳಗಾಗಿ ಹಿಡಿಯಲ್ಪಟ್ಟವನು ತನ್ನ ಪ್ರಾಣವನ್ನೇ ಮತ್ತೊಬ್ಬನ ಕೈಗೆ ಒಪ್ಪಿಸಿರುತ್ತಾನೆ. ಇಂತಹ ವಿಶ್ವಾಸವು ನಿಜವಾದ ಪಂದ್ಯದಲ್ಲಿ ಎಲ್ಲಿದೆ ಎಂದು ಆತನು ಕೇಳುತ್ತಾನೆ. ಇದು ಬಹುಮಂದಿ ಪ್ರೇಕ್ಷಕರಿಗೆ ಹೊಳೆಯದ ಸಂಗತಿ. ಇದನ್ನು ಗುರುತಿಸಿದ ಅಭಿಮಾನಿಯ ಕಣ್ಣು ಚುರುಕಾದುದೆಂದೇ ಹೇಳಬೇಕು. ಆದರೆ ಅದೇ ಕಣ್ಣಿಗೆ ಇನ್ನೊಂದು ಸಂಗತಿ ಏಕೆ ಬೀಳಲಿಲ್ಲ? ಆ ರಕ್ಷಣೆ, ಆ ವಿಶ್ವಾಸ, ಆ ದಯೆ ಇವೆಲ್ಲವನ್ನೂ ಮುಚ್ಚಿಡಬೇಕೆಂಬುದೇ ಆ ಕಸುಬಿನ ಮೊದಲ ನಿಯಮ. ಅದಕ್ಕೆ ಅವರು ‘ಕೇಫೇಬ್’ ಎಂಬ ಗುಪ್ತನಾಮವನ್ನೂ ಇಟ್ಟುಕೊಂಡಿದ್ದಾರೆ. ಗಿರಾಕಿಗೆ ತೋರಿಸುವುದು ದ್ವೇಷ, ದರ್ಪ, ವಂಚನೆ, ಸೇಡು. ಒಳ್ಳೆಯ ಸರಕನ್ನು ಉಗ್ರಾಣದಲ್ಲಿ ಬಚ್ಚಿಟ್ಟು, ಹುಳ ಹಿಡಿದುದನ್ನು ಅಂಗಡಿಯ ಮುಂದೆ ಹರಡಿ, ಅದಕ್ಕೇ ಹೆಚ್ಚಿನ ಬೆಲೆ ಪಡೆಯುವ ವರ್ತಕನನ್ನು ಎಲ್ಲಿಯಾದರೂ ಕಂಡದ್ದುಂಟೇ?

ಹಾಗೂ ಈ ಗುಟ್ಟು ರಟ್ಟಾದ ಬಗೆಯು ಸ್ವಾರಸ್ಯಕರವಾದುದು. ಇದು ನಿಜವಾದ ಸ್ಪರ್ಧೆಯೋ ಅಲ್ಲವೋ ಎಂಬ ಪ್ರಶ್ನೆಗೆ ದಶಕಗಳ ಕಾಲ ಕಸುಬಿನವರು ಬಾಯಿ ಬಿಡುತ್ತಿದ್ದುದು ಅಪರೂಪ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಕಂಪನಿಯ ಪಕ್ಷದವರು, ಇದು ಸ್ಪರ್ಧೆಯಲ್ಲ, ಮನರಂಜನೆ ಮಾತ್ರ ಎಂದು ಒಪ್ಪಿಕೊಂಡರು. ಕ್ರೀಡೆಯಲ್ಲವೆಂದಾದರೆ ಕ್ರೀಡಾ ನಿಯಂತ್ರಣ ಮಂಡಳಿಯ ಅಂಕೆಯೂ ಇಲ್ಲ, ಅದರ ತೆರಿಗೆಯೂ ಇಲ್ಲ. ಹೀಗೆ ಸತ್ಯವು ಹೊರಬಿದ್ದುದು ಸತ್ಯವ್ರತದಿಂದಲ್ಲ, ತೆರಿಗೆಯ ದೆಸೆಯಿಂದ. ಸರಕಾರಕ್ಕೆ ಒಂದು ಖಾತೆ, ಗಿರಾಕಿಗೆ ಇನ್ನೊಂದು ಖಾತೆ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ, ಅಳತೆ ತೂಕಗಳ ಮೋಸದ ಜೊತೆಯಲ್ಲಿಯೇ ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನಂತೆ ತೋರುವ ನಕಲಿಯನ್ನು ಅಸಲೆಂದು ಮಾರುವುದು, ಸೇರಿದೆ. ಈ ಸಾಲನ್ನು ಪರದೇಶದ ಕಂಪನಿಗೆ ಅನ್ವಯಿಸುವಾಗ ಸ್ವದೇಶದ ವರ್ತಕರು ತಮ್ಮ ಬೀರುವಿನ ಕಡೆಗೂ ಒಮ್ಮೆ ನೋಡಿಕೊಳ್ಳುವುದು ಮೇಲು.

ಇರಲಿ. ನಾಟಕವೂ ನಕಲಿಯೇ, ಯಕ್ಷಗಾನವೂ ನಕಲಿಯೇ. ರಾವಣನ ವೇಷದವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲವೆಂದು ಅಭಿಮಾನಿಯು ಹೇಳುವನು. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತನ್ನ ‘ಮಿಥಾಲಜೀಸ್’ ಎಂಬ ಗ್ರಂಥದಲ್ಲಿ ಹೆಚ್ಚುಕಡಿಮೆ ಇದೇ ಪಕ್ಷವನ್ನು ಹಿಡಿದಿದ್ದಾನೆ. ಆತನ ಅಭಿಪ್ರಾಯದಲ್ಲಿ ಇಂತಹ ಕುಸ್ತಿಯು ಕ್ರೀಡೆಯಲ್ಲ, ಪ್ರದರ್ಶನ; ಜನರು ಬರುವುದು ಗೆಲುವು ಸೋಲುಗಳನ್ನು ತಿಳಿಯಲಿಕ್ಕಲ್ಲ; ಯಾತನೆ, ಪರಾಭವ, ನ್ಯಾಯ ಎಂಬ ಭಾವಗಳು ಮುಚ್ಚುಮರೆಯಿಲ್ಲದೆ ಮೈದಾಳುವುದನ್ನು ನೋಡಲಿಕ್ಕೆ. ಒಳ್ಳೆಯವನನ್ನು ‘ಫೇಸ್’ ಎಂದೂ ಕೆಟ್ಟವನನ್ನು ‘ಹೀಲ್’ ಎಂದೂ ಕರೆಯುವ ಈ ಕಾರ್ಯಕ್ರಮದ ಪರಿಭಾಷೆಯು ಆ ಮಾತನ್ನು ಸಮರ್ಥಿಸುತ್ತದೆ. ಯಾತನೆಯ ಪ್ರದರ್ಶನವೆಂಬುದನ್ನು ಬಾರ್ತ್ ದೋಷವೆಂದು ಬಗೆಯಲಿಲ್ಲ. ಶ್ರಾವಕನು ಅಲ್ಲಿಯೇ ತಡೆದು ನಿಲ್ಲಬೇಕಾಗುತ್ತದೆ.

ಏಕೆಂದರೆ ನಕಲಿ ಹಿಂಸೆಯ ಪ್ರಶ್ನೆಯನ್ನು ಕನ್ನಡದಲ್ಲಿ ಎಂಟು ನೂರು ವರ್ಷಗಳ ಹಿಂದೆಯೇ ಎತ್ತಿದವನು ಜನ್ನ. ‘ಯಶೋಧರ ಚರಿತೆ’ಯ ಅರಸನು ಜೀವಬಲಿ ಕೊಡಲೊಲ್ಲೆನೆಂದನು, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದನು. ಅಲ್ಲಿ ಜೀವವಿರಲಿಲ್ಲ, ಪ್ರಾಣಘಾತವಿರಲಿಲ್ಲ, ನೋವುಂಡವರಿರಲಿಲ್ಲ. ಆದರೂ ಕಡಿಯುವ ಸಂಕಲ್ಪವಿತ್ತು. ಆ ಒಂದು ಸಂಕಲ್ಪಕ್ಕೆ ತಾಯಿಯೂ ಮಗನೂ ಮೃಗಪಕ್ಷಿಗಳ ಜನ್ಮಗಳಲ್ಲಿ ತೊಳಲಿ, ಒಬ್ಬರ ಕಣ್ಣೆದುರಿನಲ್ಲಿ ಒಬ್ಬರು ಹಿಂಸೆಪಟ್ಟು ಸತ್ತರು. ಸಂಕಲ್ಪಹಿಂಸೆಯ ವಿಚಾರದಲ್ಲಿ ಜೈನ ಆಚಾರ್ಯರು ರಾಜಿ ಮಾಡಿಕೊಂಡವರಲ್ಲ. ರಾಗಾದಿಗಳು ಹುಟ್ಟದಿರುವುದೇ ಅಹಿಂಸೆ, ಹುಟ್ಟುವುದೇ ಹಿಂಸೆ ಎಂಬುದು ಅಮೃತಚಂದ್ರಾಚಾರ್ಯರ ನಿಲುವು.

ಆದರೆ ಈ ದೃಷ್ಟಾಂತವನ್ನು ಎಚ್ಚರದಿಂದ ಬಳಸಬೇಕು. ಕತ್ತಿ ಹಿಡಿದವನು ಯಶೋಧರ. ಕುಸ್ತಿಯ ಕಣದಲ್ಲಿರುವವನಿಗೆ ಎದುರಾಳಿಯನ್ನು ಕೊಲ್ಲುವ ಸಂಕಲ್ಪವಿಲ್ಲ. ಅವನು ಕೂಲಿಗೆ ದುಡಿಯುವ ನಟ. ಹಾಗಾದರೆ ಇಲ್ಲಿ ಹಿಟ್ಟಿನ ಕೋಳಿಯನ್ನು ಕಡಿಯುತ್ತಿರುವವರು ಯಾರು? ಅದು ನೋಡುವವನೇ ಎಂದು ಹೇಳದೆ ವಿಧಿಯಿಲ್ಲ. ಅನರ್ಥದಂಡದ ಐದು ಬಗೆಗಳನ್ನು ಸಮಂತಭದ್ರಾಚಾರ್ಯರು ಹೆಸರಿಸಿದ್ದಾರೆ. ಅವುಗಳಲ್ಲಿ ಒಂದಾದ ಅಪಧ್ಯಾನವನ್ನು ವಿವರಿಸುತ್ತ ಪೂಜ್ಯಪಾದರು, ಪರರ ಗೆಲುವು, ಸೋಲು, ವಧೆ, ಬಂಧನಗಳು ಹೇಗಾದೀತೆಂದು ಮನಸ್ಸಿನಲ್ಲಿ ಚಿಂತಿಸುವುದನ್ನು ಅದರಲ್ಲಿ ಸೇರಿಸುತ್ತಾರೆ. ಪರರ ಗೆಲುವು ಸೋಲುಗಳ ಚಿಂತೆ! ವಾರಪೂರ್ತಿ ಅಭಿಮಾನಿಯ ಮನಸ್ಸಿನಲ್ಲಿ ನಡೆಯುವ ವ್ಯಾಪಾರಕ್ಕೆ ಇದಕ್ಕಿಂತ ನಿಖರವಾದ ಹೆಸರು ದೊರೆಯದು. ಅಂಡರ್‌ಟೇಕರ್ ಎಂಬ ಕುಸ್ತಿಪಟುವು ರೆಸಲ್‌ಮೇನಿಯಾ ಎಂಬ ವಾರ್ಷಿಕ ಮಹಾಪಂದ್ಯದಲ್ಲಿ ಸತತವಾಗಿ 21 ಬಾರಿ ಗೆದ್ದು, 2014ರ ಏಪ್ರಿಲ್‌ನಲ್ಲಿ ಬ್ರಾಕ್ ಲೆಸ್ನರ್‌ಗೆ ಸೋತಾಗ ಈ ಅಭಿಮಾನಿಯು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಮನೆಯವರು ಹೇಳುತ್ತಾರೆ. ಫಲಿತಾಂಶವು ಮೊದಲೇ ಬರೆದಿಟ್ಟದ್ದೆಂದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸಂಕಟಪಟ್ಟನು. ಯಾವ ವ್ರತಕ್ಕೂ ಸಲ್ಲದ ಆ ಉಪವಾಸವನ್ನು ಯಾವ ಖಾತೆಗೆ ಬರೆಯುವುದು?

ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದು ಹಿಂಸೆಯಲ್ಲಿ ಆನಂದಿಸುವುದು, ಎರಡನೆಯದು ಅಸತ್ಯದಲ್ಲಿ ಆನಂದಿಸುವುದು. ‘ಇದು ಹಿಂಸೆ’ ಎಂದರೆ ಅಭಿಮಾನಿಯು ‘ಅಲ್ಲ, ಸುಳ್ಳು’ ಎನ್ನುತ್ತಾನೆ. ‘ಇದು ಸುಳ್ಳು’ ಎಂದರೆ ‘ಅಲ್ಲ, ಪೆಟ್ಟು ನಿಜ’ ಎನ್ನುತ್ತಾನೆ. ಒಂದು ಬಾಗಿಲಿನಿಂದ ಹೊರಬಿದ್ದವನು ಇನ್ನೊಂದು ಬಾಗಿಲಿನಿಂದ ಅದೇ ಮನೆಗೆ ಬಂದಂತಾಯಿತು.

ಪೆಟ್ಟು ನಿಜವೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಅಭಿಮಾನಿಯು ಎಲ್ಲಕ್ಕಿಂತ ಶ್ರೇಷ್ಠವೆಂದು ಕೊಂಡಾಡುವ ಪಂದ್ಯವು 1998ರ ಜೂನ್ 28ರಂದು ಪಿಟ್ಸ್‌ಬರ್ಗ್ ನಗರದಲ್ಲಿ ನಡೆದುದು. ಹದಿನಾರು ಅಡಿ ಎತ್ತರದ ಕಬ್ಬಿಣದ ಪಂಜರದ ಮೇಲಿನಿಂದ ಅಂಡರ್‌ಟೇಕರ್ ತನ್ನ ಎದುರಾಳಿ ಮ್ಯಾನ್‌ಕೈಂಡನ್ನು ಕೆಳಗಿದ್ದ ಮೇಜಿನ ಮೇಲಕ್ಕೆ ಎಸೆದನು. ಇಬ್ಬರೂ ಮೊದಲೇ ಒಪ್ಪಿ ಮಾಡಿದ ಕೃತ್ಯವಾದರೂ ಬಿದ್ದ ದೇಹವು ಮಾಂಸಮೂಳೆಗಳದೇ ಆಗಿತ್ತು. ಎರಡನೆಯ ಬಾರಿಗೆ ಪಂಜರದ ಮೇಲ್ಛಾವಣಿಯ ಮೂಲಕ ಕೆಳಗೆ ಬಿದ್ದುದು ಯಾರ ಯೋಜನೆಯಲ್ಲಿಯೂ ಇರಲಿಲ್ಲ. ಈ ದೃಶ್ಯವನ್ನು ಅಭಿಮಾನಿಯು ಬಣ್ಣಿಸುವಾಗ ಆತನ ಮುಖವು ಅರಳುತ್ತದೆ. ಎತ್ತಿದವನು ಎಸೆದುದರಿಂದ ಈ ಪಂದ್ಯ ಪ್ರಸಿದ್ಧವಾಯಿತು; ಎತ್ತಿದವನು ಎಸೆಯದೆ ಇದ್ದುದರಿಂದ ಆದಿಪುರಾಣದ ಪಂದ್ಯವು ಉಳಿದು ಬಂದಿತು.

ಕ್ರಿಸ್ ಬೆನ್ವಾ ಎಂಬಾತನ ವಿಚಾರವು ಇನ್ನೂ ಘೋರವಾದುದು. ಎತ್ತರದಿಂದ ಹಾರಿ ತನ್ನ ತಲೆಯಿಂದಲೇ ಎದುರಾಳಿಗೆ ಡಿಕ್ಕಿ ಹೊಡೆಯುವುದು ಆತನ ಪ್ರಸಿದ್ಧ ಪಟ್ಟು. 2007ರ ಜೂನ್‌ನಲ್ಲಿ ಆತನು ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತನು. ನಿಜ ಸಂಗತಿ ಪೂರ್ತಿಯಾಗಿ ತಿಳಿಯುವ ಮೊದಲೇ ಆ ಸೋಮವಾರದ ‘ರಾ’ ಆತನಿಗೆ ಶ್ರದ್ಧಾಂಜಲಿಯಾಗಿ ಪ್ರಸಾರವಾಗಿಹೋಗಿತ್ತು. ಬಳಿಕ ಮೆದುಳನ್ನು ಪರೀಕ್ಷಿಸಿದ ತಜ್ಞರು ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದಾದ ತೀವ್ರವಾದ ಹಾನಿಯನ್ನು ಕಂಡರು. ಕೃತ್ಯಕ್ಕೆ ಅದೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಆದರೆ ‘ಹಿಟ್ಟಿನ ಕೋಳಿ’ ಎಂಬ ವಾದವು ಆ ಪರೀಕ್ಷೆಯ ಮುಂದೆ ನಿಲ್ಲದು. ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ಕಂಪನಿಯು ನಿಷೇಧಿಸಿದ್ದು 2010ರಲ್ಲಿ. ಅಷ್ಟು ವರ್ಷ ಹೊಡೆಸಿಕೊಂಡವರ ತಲೆಗಳು ಯಾವ ನಾಟಕದ ಸಾಮಗ್ರಿಯೂ ಆಗಿರಲಿಲ್ಲ.

ಅಭಿಮಾನಿಯ ಮಟ್ಟಿಗೆ ಇಡೀ ಕಾರ್ಯಕ್ರಮದ ಇತಿಹಾಸದಲ್ಲಿ ‘ನಿಜವಾದ ಮೋಸ’ ನಡೆದುದು ಒಂದೇ ಬಾರಿ: 1997ರ ನವೆಂಬರ್ 9ರಂದು, ಮಾಂಟ್ರಿಯಲ್ ನಗರದಲ್ಲಿ. ಕಂಪನಿಯನ್ನು ಬಿಟ್ಟು ಹೊರಡಲಿದ್ದ ಬ್ರೆಟ್ ಹಾರ್ಟ್ ಎಂಬ ಚಾಂಪಿಯನ್‌ಗೆ ಪಂದ್ಯದ ಅಂತ್ಯವು ಹೀಗೆಂದು ಹೇಳಿ, ಕಣದಲ್ಲಿ ಬೇರೆ ಬಗೆಯಾಗಿ ಗಂಟೆ ಬಾರಿಸಿ ಅವನನ್ನು ಸೋಲಿಸಿದರು. ಸುಳ್ಳಿನ ಆಟದೊಳಗೂ ಕೊಟ್ಟ ಮಾತೆಂಬುದೊಂದಿದೆ, ಅದನ್ನು ಮುರಿಯಬಾರದೆಂಬ ಅಭಿಮಾನಿಯ ಆಕ್ರೋಶವು ಪ್ರಾಮಾಣಿಕವಾದುದು. ಅದರಲ್ಲಿ ವ್ಯಾಪಾರಿಯ ಮಗನ ಸಂಸ್ಕಾರವೂ ಕಾಣುತ್ತದೆ.

ಬ್ರೆಟ್‌ನ ತಮ್ಮ ಓವೆನ್ ಹಾರ್ಟ್ ಅದೇ ಕಂಪನಿಯಲ್ಲಿ ಉಳಿದನು. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯ ಕ್ರೀಡಾಂಗಣದಲ್ಲಿ ಆತನಿಗೆ ಹಾಸ್ಯದ ವೇಷವೊಂದನ್ನು ಕೊಟ್ಟಿದ್ದರು. ಛಾವಣಿಯಿಂದ ತಂತಿಯ ಮೂಲಕ ಕಣಕ್ಕೆ ಇಳಿಯಬೇಕಾಗಿತ್ತು. ಕೊಂಡಿ ಬಿಚ್ಚಿಕೊಂಡು ಎಪ್ಪತ್ತು ಅಡಿಗೂ ಮೇಲ್ಪಟ್ಟ ಎತ್ತರದಿಂದ ಕಣದೊಳಕ್ಕೆ ಬಿದ್ದು ಸತ್ತನು. ವಯಸ್ಸು 34. ದೇಹವನ್ನು ಆಸ್ಪತ್ರೆಗೆ ಸಾಗಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಅದೇ ಕಣದಲ್ಲಿ ಮುಂದಿನ ಪಂದ್ಯ ಆರಂಭವಾಯಿತು. ಮನೆಯಲ್ಲಿ ಟಿ.ವಿ. ನೋಡುತ್ತಿದ್ದವರಿಗೆ ಆತನ ಮರಣವನ್ನು ತಿಳಿಸಲಾಯಿತು. ಅಲ್ಲಿಯೇ ಕುಳಿತಿದ್ದ ಸಾವಿರಾರು ಪ್ರೇಕ್ಷಕರಿಗೆ ತಿಳಿಸಲಿಲ್ಲ. ಮುಂದೆ ಆತನ ಕುಟುಂಬಕ್ಕೆ 1 ಕೋಟಿ 80 ಲಕ್ಷ ಡಾಲರ್ ಪರಿಹಾರ ಸಂದಿತು.

ಆದಿಪುರಾಣವನ್ನು ಓದಿದ ಯಾರಿಗೇ ಆಗಲಿ ಇಲ್ಲಿ ನೀಲಾಂಜನೆಯ ನೆನಪಾಗದಿರದು. ವೃಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದಂತೆಯೇ ಆ ದೇವನರ್ತಕಿಯ ಆಯುಷ್ಯ ಮುಗಿಯಿತು, ದೇಹವು ಮಿಂಚಿನಂತೆ ಮರೆಯಾಯಿತು. ರಸಭಂಗವಾಗಬಾರದೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸಿದನು. ನೃತ್ಯ ಮುಂದುವರಿಯಿತು, ಸಭೆಗೆ ಏನೂ ತಿಳಿಯಲಿಲ್ಲ. ತಿಳಿದವನು ವೃಷಭನೊಬ್ಬನೇ. ಅವನು ಎದ್ದುಹೋದನು. ಇಂದ್ರನು ಹಾಗೆ ಮಾಡಿದ್ದು ಆ ಒಬ್ಬನನ್ನು ಎಚ್ಚರಿಸಲಿಕ್ಕೆ. ಕ್ಯಾನ್ಸಸ್ ಸಿಟಿಯಲ್ಲಿ ಮುಂದಿನ ಜೋಡಿಯನ್ನು ಕಣಕ್ಕೆ ಇಳಿಸಿದ್ದು ಮಾರಾಟವಾದ ಟಿಕೇಟಿನ ಲೆಕ್ಕಕ್ಕೆ. ನೀಲಾಂಜನೆಯ ಸಭಾಸದರಿಗಾದರೂ ಅಜ್ಞಾನದ ಕ್ಷಮೆಯುಂಟು. ಇಲ್ಲಿ ಬಿದ್ದುದನ್ನು ಕಣ್ಣಾರೆ ಕಂಡವರು ಕುಳಿತೇ ಇದ್ದರು. ಇದು ಆಟದ ಭಾಗವೋ ಅಲ್ಲವೋ ಎಂದು ಅವರಲ್ಲಿ ಅನೇಕರಿಗೆ ಹೊಳೆಯದೆ ಹೋದುದು ಅವರ ದೋಷವಲ್ಲ. ವರ್ಷಗಟ್ಟಲೆ ಹಾಗೆ ನೋಡಲು ಅವರನ್ನು ಪಳಗಿಸಲಾಗಿತ್ತು.

ಪಳಗಿಸುವುದೆಂಬ ಮಾತು ಬಂದುದರಿಂದ ರಸದ ವಿಚಾರವನ್ನು ಇಲ್ಲಿಯೇ ಹೇಳಬಹುದು. ಶ್ವೇತಾಂಬರ ಆಗಮವಾದ ಅನುಯೋಗದ್ವಾರ ಸೂತ್ರದಲ್ಲಿ ಒಂಬತ್ತು ಕಾವ್ಯರಸಗಳನ್ನು ಎಣಿಸಿದೆ. ಆ ಪಟ್ಟಿಯಲ್ಲಿ ಭಯಾನಕಕ್ಕೆ ಸ್ಥಾನವಿಲ್ಲ. ಅದರ ಬದಲಿಗೆ ವ್ರೀಡನಕ, ಅಂದರೆ ಲಜ್ಜೆಯ ರಸ, ಇದೆ. ಮಿಕ್ಕವರಿಗೆ ಹೊಳೆಯದ ಈ ರಸವನ್ನು ಜೈನರು ಪ್ರತ್ಯೇಕವಾಗಿ ಗುರುತಿಸಿದ್ದು ಗಮನಾರ್ಹ. ಮಂಗಳವಾರದ ಕಾರ್ಯಕ್ರಮದಲ್ಲಿ ವೀರವುಂಟು, ರೌದ್ರವುಂಟು, ಹಾಸ್ಯ ಧಾರಾಳವಾಗಿದೆ, ಕರುಣವೂ ಆಗಾಗ ಇಣುಕುತ್ತದೆ. ಲಜ್ಜೆಯೊಂದು ಮಾತ್ರ ಇಲ್ಲ. ಗೆದ್ದವನಿಗೆ ಗೆದ್ದ ಬಗೆಯ ಬಗ್ಗೆ ನಾಚಿಕೆಯಿಲ್ಲ, ಮಾಲೀಕನಿಗೆ ಮಾರಿದ ಬಗೆಯ ಬಗ್ಗೆ ನಾಚಿಕೆಯಿಲ್ಲ. ಭರತನು ಚಕ್ರರತ್ನವನ್ನು ತಮ್ಮನ ಮೇಲೆ ಪ್ರಯೋಗಿಸಿ, ಅದು ಬಾಹುಬಲಿಯನ್ನು ಬಲಗೊಂಡು ನಿಂತಾಗ ತಲೆ ತಗ್ಗಿಸಿದನಲ್ಲವೇ? ಆ ಪ್ರಸಂಗದ ತಿರುಳು ಆ ತಗ್ಗಿದ ತಲೆಯಲ್ಲಿದೆ.

ಕಳೆದ ವರ್ಷ ಈ ಅಭಿಮಾನಿಯ ಮನೆಯಲ್ಲಿ ನಡೆದ ಒಂದು ಘಟನೆಯನ್ನು ಆತನ ಒಪ್ಪಿಗೆಯಿಂದಲೇ ಇಲ್ಲಿ ಉಲ್ಲೇಖಿಸಲಾಗಿದೆ. ಒಂಬತ್ತು ವರ್ಷದ ಮಗನು ರಜೆಗೆ ಬಂದಿದ್ದ ಅತ್ತೆಯ ಮಗನನ್ನು, ಆರು ವರ್ಷದ ಕೂಸನ್ನು, ಮಂಚದ ಮೇಲೆ ನಿಂತು ಕುತ್ತಿಗೆ ಹಿಡಿದೆತ್ತಿ ಕೆಳಗಿನ ಹಾಸಿಗೆಗೆ ಕೆಡವಿದನು. ಹಾಸಿಗೆ ಅರ್ಧಕ್ಕೇ ಮುಗಿದಿತ್ತು. ಮುಂಗೈ ಮೂಳೆ ಬಿರುಕುಬಿಟ್ಟು ಆರು ವಾರ ಪ್ಲಾಸ್ಟರ್ ಹಾಕಬೇಕಾಯಿತು. “ಬಿದ್ದವನಿಗೆ ಏನೂ ಆಗಲ್ಲ ಅಂತ ಅಪ್ಪನೇ ಹೇಳಿದ್ರು” ಎಂಬುದು ಹುಡುಗನ ಸಮಾಧಾನ. ಅದು ಸುಳ್ಳೂ ಆಗಿರಲಿಲ್ಲ. ಅಪ್ಪನು ಹಾಗೆ ಹೇಳಿದ್ದನು, ಮಗನು ಹೆದರಬಾರದೆಂದು. ಮನೆಯಲ್ಲಿ ಅನುಕರಿಸಬೇಡಿರೆಂಬ ಎಚ್ಚರಿಕೆಯನ್ನು ಕಾರ್ಯಕ್ರಮದವರು ತಪ್ಪದೆ ತೋರಿಸುತ್ತಾರೆ. ವಿಷದ ಸೀಸೆಯ ಮೇಲೆ ಬರೆದ ಅಕ್ಷರವು ಓದಬಲ್ಲವರಿಗೆ ಮಾತ್ರ ಉಪಯೋಗ.

ಈ ಸಂಗತಿ ತಿಳಿದ ಮೇಲೆ ಬಸದಿಯ ಪಾಠಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಂದ, ಮನೆಯಲ್ಲಿ ಇಂತಹ ಕಾರ್ಯಕ್ರಮ ನೋಡುವುದಿಲ್ಲವೆಂದು ಬರೆಸಿಕೊಳ್ಳಬೇಕೆಂಬ ಸಲಹೆಯು ಹಿರಿಯರೊಬ್ಬರಿಂದ ಬಂದಿತು. ಇದು ಕಾರ್ಯಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಫೋನು ಪ್ರತಿಯೊಬ್ಬರ ಕೈಯಲ್ಲಿರುವಾಗ ಬರೆಸಿಕೊಂಡ ಕಾಗದವು ಮತ್ತೊಂದು ಅಸತ್ಯಕ್ಕೆ ದಾರಿಯಾದೀತು. ಅಲ್ಲದೆ ದೊಡ್ಡಕೆರೆ ಮೈದಾನಕ್ಕೆ ಹೋಗುವ ಹಿರಿಯರಿಂದಲೂ ಬರೆಸಿಕೊಳ್ಳುವರೇ ಎಂಬ ಪ್ರಶ್ನೆಗೆ ಉತ್ತರವೇನು? ಟ್ರಸ್ಟಿನವರು ಕೈಗೊಳ್ಳಬಹುದಾದ ಕಾರ್ಯ ಬೇರೆಯಿದೆ. ಪಾಠಶಾಲೆಯಲ್ಲಿ ಹಿಟ್ಟಿನ ಕೋಳಿಯ ಕಥೆಯನ್ನು ಹೇಳುವಾಗ ಮಕ್ಕಳು ನಿಜವಾಗಿ ಏನನ್ನು ನೋಡುತ್ತಿದ್ದಾರೆಂಬುದನ್ನು ಕೇಳಿ, ಅಲ್ಲಿಂದಲೇ ಪಾಠವನ್ನು ತೊಡಗಿಸಬಹುದು. ಅದಕ್ಕೆ ಈ ಅಭಿಮಾನಿಗಿಂತ ಸಮರ್ಥರು ಪಿರಿಯಾಪಟ್ಟಣದಲ್ಲಿ ದೊರೆಯುವುದು ಕಷ್ಟ. ಯಾವ ಪೆಟ್ಟು ತೋರಿಕೆಯದು, ಯಾವುದು ನಿಜವಾದುದು, ಯಾರು ಯಾರ ಕತ್ತನ್ನು ಹೇಗೆ ಕಾಯುತ್ತಾರೆ ಎಂಬುದು ಆತನಿಗೆ ಗೊತ್ತು. ಕೇಳಿದಾಗ ಒಲ್ಲೆನೆಂದು ಹೇಳಿಲ್ಲ, ಒಪ್ಪಿಯೂ ಇಲ್ಲ. ಈಚೆಗೆ ಮಂಗಳವಾರದ ಕಾರ್ಯಕ್ರಮವನ್ನು ಮಗನು ಶಾಲೆಗೆ ಹೋದ ಬಳಿಕ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನೋಡುತ್ತಿದ್ದಾನೆಂದು ತಿಳಿದುಬಂದಿದೆ.

ಮಗನ ಕುತೂಹಲವು ಮಾತ್ರ ಕಡಿಮೆಯಾಗಿಲ್ಲ. ಗೊಮ್ಮಟಗಿರಿಗೆ ಹೋಗಿದ್ದಾಗ ಮೆಟ್ಟಿಲು ಹತ್ತುತ್ತ ಅಜ್ಜಿಯು ಭರತ ಬಾಹುಬಲಿಗಳ ಕಥೆಯನ್ನು ಹೇಳಿದಳು. ಹುಡುಗನು ಪೂರ್ತಿಯಾಗಿ ಕೇಳಿಸಿಕೊಂಡು, ಮೂರ್ತಿಯ ಮುಂದೆ ನಿಂತು ತಂದೆಯ ಕಡೆ ತಿರುಗಿ, “ಅಪ್ಪ, ಇದ್ರಲ್ಲಿ ಯಾರು ಗೆಲ್ತಾರೆ ಅಂತ ಅವರಿಬ್ಬರಿಗೂ ಮೊದಲೇ ಗೊತ್ತಿತ್ತಾ?” ಎಂದು ಕೇಳಿದನು. ಇಂತಹ ಪ್ರಶ್ನೆಗಳಲ್ಲಿ ನಿಷ್ಣಾತನಾದ ಆ ಅಭಿಮಾನಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ.